ದೂರು ಕೊಟ್ಟರೆ ಧನ್ಯವಾದ ಹೇಳುವ ರೇಡಿಯೋ

"ಎರಡೂ ಕಡೆಯವರು ನಮ್ಮನ್ನ ಬೈತಾರೆ, ಅಂದ್ರೆ ನಾವು ಸರಿಯಾಗೇ ಕೆಲಸ ಮಾಡ್ತಿದ್ದೀವಿ ಅಂತ." ಸುದ್ದಿ ಪ್ರಸಾರದ ಕೆಲಸದಲ್ಲಿ ಇರುವವರು ಈ ಮಾತನ್ನು ಎಷ್ಟು ಸಲೀಸಾಗಿ ಹೇಳುತ್ತಾರೆ ಅಂದರೆ, ಕೇಳಿದವರೂ ಹೌದಲ್ಲ ಅಂತ ತಲೆಯಾಡಿಸಿಬಿಡುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಎರಡೂ ಕಡೆಯವರು ಬೈದರೆ ಇಬ್ಬರು ಬೈದರು ಅಂತ ಮಾತ್ರ ಅರ್ಥ. ಯಾಕೆ ಬೈದರು ಅಂತ ನೋಡಬೇಕಾದ ಕೆಲಸ ಹಾಗೇ ಉಳಿದಿರುತ್ತದೆ.

ನಮ್ಮ ಕಡೆಯದೇ ಒಂದು ಉದಾಹರಣೆ ತಗೊಳ್ಳೋಣ. ಕರ್ನಾಟಕ, ಮಹಾರಾಷ್ಟ್ರದ ನಡುವಿನ ಬೆಳಗಾವಿ ಗಡಿ ತಕರಾರು. ಯಾವುದೋ ವಾರ್ತೆಯಲ್ಲಿ, ಆ ತಕರಾರು ನೋಡೋಕೆ ನೇಮಿಸಿದ್ದ ಮಹಾಜನ ಆಯೋಗ ವರದಿ ಕೊಟ್ಟ ವರ್ಷ 1967 ಅನ್ನುವ ಬದಲು ಬೇರೆ ಏನೋ ಬಂತು ಅಂದುಕೊಳ್ಳಿ. ಅದೇ ವಾರ್ತೆಯಲ್ಲಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ವಿಷಯ ಬಿಟ್ಟುಹೋಯಿತು ಅಂದುಕೊಳ್ಳಿ. ಮೊದಲನೆಯದಕ್ಕೆ ಕನ್ನಡದವರು ಬೈತಾರೆ, ಎರಡನೆಯದಕ್ಕೆ ಮರಾಠಿಯವರು ಬೈತಾರೆ. ಇಬ್ಬರು ಹೇಳಿದ್ದೂ ಸರಿ. ವಾರ್ತೆ ಎರಡು ಕಡೆ ತಪ್ಪಿದೆ. ಆದರೆ ರೇಡಿಯೋ ಕೇಂದ್ರದಲ್ಲಿ ಕೂತವರು ಎರಡು ಪತ್ರಗಳನ್ನೂ ಒಂದರ ಮೇಲೊಂದು ಇಟ್ಟು, ಸಮ ಆಯ್ತು ಅಂತ ಫೈಲು ಮುಚ್ಚಿದರೆ ಏನು ಮಾಡೋದು?

ಇಷ್ಟು ಸಿಟ್ಟು ಯಾಕೆ ಅಂತ ಹೇಳ್ತೀನಿ. ಜಮಖಂಡಿಯಲ್ಲಿ ನಂದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಪಹಣಿ ತಿದ್ದುಪಡಿ, ಕರೆಂಟ್ ಬಿಲ್ ತಕರಾರು, ಪಿಂಚಣಿ ನಿಂತಿದೆ ಅಂತ ತಹಶೀಲ್ದಾರರಿಗೆ ಅರ್ಜಿ, ಇಂಥವೇ ದಿನವಿಡೀ. ಅರ್ಜಿ ಹೇಗೆ ಹೋಗುತ್ತೆ, ಎಲ್ಲಿ ನಿಲ್ಲುತ್ತೆ, ಯಾವ ಉತ್ತರ ನಿಜವಾದ ಉತ್ತರ, ಯಾವುದು ಸುಮ್ನೆ ಸಾಗಹಾಕೋ ಉತ್ತರ ಅನ್ನೋದು ಈಗ ಲಕೋಟೆ ನೋಡಿದರೇ ಗೊತ್ತಾಗಿಬಿಡುತ್ತೆ. ಯಾವ ಇಲಾಖೆಗೂ ನಾನು ದೊಡ್ಡ ಆಸೆ ಇಟ್ಟುಕೊಂಡು ಟೈಪ್ ಮಾಡೋದಿಲ್ಲ. ಆದರೆ ರೇಡಿಯೋಗೆ ಬರೆದ ಒಂದು ದೂರಿಗೆ ಬಂದ ಉತ್ತರ ಇದೆಯಲ್ಲ, ಅಂಥದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಮ್ಮ ಕಾಕಾ ಕಬ್ಬು ಬೆಳೆಯುವವರು. ಹೊಳೆಯ ದಂಡೆಗೆ ಹೊಲ. ಪಂಪ್‌ಸೆಟ್ ಮನೆಯಲ್ಲಿ ಒಂದು ಹಳೇ ರೇಡಿಯೋ ಸದಾ ಹಾಡುತ್ತಾ ಇರುತ್ತದೆ. ಸಂಜೆಯ ರೈತರ ಕಾರ್ಯಕ್ರಮ ಅವರು ತಪ್ಪಿಸುವುದಿಲ್ಲ. 2024-25ರ ಹಂಗಾಮಿನಲ್ಲಿ ಒಂದು ಸಂಜೆ, ಒಂದು ಬಾನುಲಿ ಕೇಂದ್ರದ (ಹೆಸರು ಬೇಡ) ಕಾರ್ಯಕ್ರಮದಲ್ಲಿ ಕಬ್ಬಿನ ಬೆಲೆಯ ಮಾತು ಬಂತು. ಮಾತಾಡಿದವರು ಒಬ್ಬ ಅಧಿಕಾರಿ, ಒಬ್ಬ ಕಾರ್ಖಾನೆಯ ಕಡೆಯವರು. ಈ ಸಲ ರೈತರಿಗೆ ಟನ್‌ಗೆ 3400 ರೂಪಾಯಿ ಸಿಗುತ್ತದೆ ಅಂತ ಹೇಳಿ ಮುಗಿಸಿದರು. ಕಾಕಾ ಮರುದಿನ ಮುಂಜಾನೆ ಅಂಗಡಿಗೇ ಬಂದರು, ಚಹಾ ಕೂಡ ಕುಡಿಯದೆ.

"ತಮ್ಮಾ, ಕಟಾವು ಯಾರು ಕೊಡ್ತಾರ? ಗಾಡಿ ಬಾಡಿಗಿ ಯಾರು ಕೊಡ್ತಾರ? ಅದನ್ನ ಹೇಳಲಿಲ್ಲಲ್ಲ ಅವರು. ಬರಿ ಒಂದು ಪತ್ರ."

ಕಬ್ಬಿನ ಲೆಕ್ಕ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇಡೀ ತಕರಾರು ಇದರಲ್ಲೇ ಇದೆ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ ಅಂತ ಒಂದು ದರ, ಅಂದರೆ ಕಾರ್ಖಾನೆಯವರು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಗೊತ್ತು ಮಾಡುತ್ತದೆ. 2024-25ಕ್ಕೆ ಅದು ಕ್ವಿಂಟಲ್‌ಗೆ 340 ರೂಪಾಯಿ ಇತ್ತು, ಅಂದರೆ ಟನ್‌ಗೆ 3400. ಆದರೆ ಇದು ಎಲ್ಲರಿಗೂ ಸಿಗುವ ದರವಲ್ಲ, ಸಕ್ಕರೆ ಇಳುವರಿ ನೂರಕ್ಕೆ 10.25 (ನೂರು ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ) ಬಂದಾಗಿನ ದರ. ಆ ಹಂಗಾಮಿನಲ್ಲಿ ಇಳುವರಿ 0.1 ಏರಿದರೆ ಕ್ವಿಂಟಲ್‌ಗೆ 3 ರೂಪಾಯಿ 32 ಪೈಸೆ ಜಾಸ್ತಿ, ಇಳಿದರೆ ಅಷ್ಟೇ ಕಡಿಮೆ. ಇಳುವರಿ 9.5 ಅಥವಾ ಅದಕ್ಕಿಂತ ಕೆಳಗೆ ಹೋದರೆ 315 ರೂಪಾಯಿ 10 ಪೈಸೆಗೆ ನಿಲ್ಲುತ್ತಿತ್ತು. ಇಷ್ಟಾದ ಮೇಲೆ ಇನ್ನೊಂದು ಇದೆ. ಕಟಾವಿನ ಗ್ಯಾಂಗು, ಸಾಗಣೆ, ಎರಡನ್ನೂ ಕಾರ್ಖಾನೆಯವರೇ ವ್ಯವಸ್ಥೆ ಮಾಡಿ ಆ ಖರ್ಚನ್ನು ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಟನ್‌ಗೆ ನೂರಾರು ರೂಪಾಯಿ ಅಲ್ಲೇ ಹೋಗುತ್ತದೆ. ಹಾಗಾಗಿ ಕಾಕಾನ ಬ್ಯಾಂಕ್ ಖಾತೆಗೆ ಬಂದ ದುಡ್ಡಿಗೂ ರೇಡಿಯೋದಲ್ಲಿ ಹೇಳಿದ ದುಡ್ಡಿಗೂ ಸಂಬಂಧವೇ ಇರಲಿಲ್ಲ. ಕಬ್ಬು ಹೋಗಿ 14 ದಿನದೊಳಗೆ ಬಿಲ್ ಆಗಬೇಕು, ತಡವಾದರೆ ನೂರಕ್ಕೆ 15ರ ಬಡ್ಡಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಅದನ್ನೂ ಆ ಸಂಜೆ ಯಾರೂ ಎತ್ತಲಿಲ್ಲ.

ಪತ್ರ ಬರೆದೆವು. ಬೈಗುಳ ಒಂದೂ ಇಲ್ಲ. ಕಾರ್ಯಕ್ರಮದ ಹೆಸರು, ತಾರೀಖು, ಹೊತ್ತು, ಹೇಳಿದ ಮಾತು, ಬಿಟ್ಟ ಮಾತು. ಕಾರ್ಖಾನೆಯ ಬಿಲ್ಲಿನ ಜೆರಾಕ್ಸ್ ಲಗತ್ತಿಸಿದೆವು, ಅದರಲ್ಲಿ ಕಟಾವು ಮತ್ತು ಸಾಗಣೆಯ ಕಡಿತ ಇರುವ ಸಾಲಿಗೆ ಕಾಕಾ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದರು. ಕೊನೆಗೆ ಒಂದೇ ಬೇಡಿಕೆ: ಇದೇ ಕಾರ್ಯಕ್ರಮದಲ್ಲಿ ಈ ಲೆಕ್ಕವನ್ನು ಪೂರ್ತಿ ಹೇಳಿ, ಒಬ್ಬ ರೈತನನ್ನೂ ಕರೆಸಿ ಮಾತಾಡಿಸಿ. ರಿಜಿಸ್ಟರ್ ಪೋಸ್ಟ್ ಮಾಡಿ, ರಸೀದಿ ಜೇಬಿನಲ್ಲಿಟ್ಟುಕೊಂಡು ಹೋದರು.

ಆಮೇಲೆ ಏನಾಯಿತು ಅಂದರೆ, ಕೇಳುಗರ ಪತ್ರಗಳ ಕಾರ್ಯಕ್ರಮದಲ್ಲಿ ಕಾಕಾನ ಹೆಸರು ಬಂತು. ಊರಿನ ಹೆಸರೂ ಬಂತು. ನಮ್ಮ ಕಾರ್ಯಕ್ರಮಗಳನ್ನು ತಪ್ಪದೇ ಆಲಿಸುವ ರೈತ ಬಾಂಧವರೊಬ್ಬರು ಕಬ್ಬಿನ ಬೆಲೆಯ ಕುರಿತು ತಮ್ಮ ಅನಿಸಿಕೆ ಹಂಚಿಕೊಂಡಿದ್ದಾರೆ, ನಿಮ್ಮ ಅಭಿಮಾನಕ್ಕೆ ಧನ್ಯವಾದಗಳು, ಹೀಗೇ ಕೇಳುತ್ತಿರಿ. ಅಷ್ಟೇ. ಅದರ ಹಿಂದೆಯೇ ಒಂದು ಚಿತ್ರಗೀತೆ.

ಊರಲ್ಲಿ ಎಲ್ಲರೂ ಕಾಕಾನನ್ನು ಹೊಗಳಿದ್ದೇ ಹೊಗಳಿದ್ದು. "ಏನ್ ಗೌಡ್ರ, ನಿಮ್ಮ ಹೆಸರು ರೇಡಿಯೋದಾಗ ಬಂತಲ್ರಿ!" ಅಂತ ಕಟ್ಟೆಯ ಮೇಲೆ ಕೂತವರೆಲ್ಲ. ಕಾಕಾಗೆ ಸಿಟ್ಟು ಮಾಡಬೇಕೋ ಖುಷಿ ಪಡಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಕಾಕು ಅಂತೂ ಅಕ್ಕಪಕ್ಕದವರಿಗೆ ಸಕ್ಕರೆ ಹಂಚಿದರು. ಸಕ್ಕರೆ! ಕೆಂಪು ಗೆರೆ ಎಳೆದ ಬಿಲ್ಲು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

ನನ್ನ ತಕರಾರು ಇಲ್ಲಿದೆ. ತಿರಸ್ಕಾರ ಮಾಡಿದ್ದರೂ ಪರವಾಗಿರಲಿಲ್ಲ. "ನೀವು ಹೇಳಿದ್ದು ಸರಿಯಿಲ್ಲ, ನಾವು ಎಫ್‌ಆರ್‌ಪಿ ಎಷ್ಟು ಅಂತ ಹೇಳಿದ್ದೇ ಸಾಕು" ಅಂತ ಎರಡು ಸಾಲು ಬರೆದಿದ್ದರೆ ಅದು ಉತ್ತರ. ಅದರ ಮೇಲೆ ಜಗಳ ಆಡಬಹುದು. ದೂರನ್ನು ಅಭಿಮಾನದ ಪತ್ರ ಮಾಡಿ ಓದಿದರೆ ಜಗಳಕ್ಕೂ ಜಾಗ ಇಲ್ಲ. ದೂರು ಕೊಟ್ಟವನೇ ಸಂಕೋಚ ಪಡಬೇಕು. ಮದುವೆ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಅಂದವನ ಎಲೆಗೆ ಇನ್ನೊಂದು ಜಿಲೇಬಿ ಹಾಕಿ ಹೋದ ಹಾಗೆ.

ಇದು ಒಂದು ಕೇಂದ್ರದ, ಒಬ್ಬ ನಿರೂಪಕರ ದೋಷ ಅಂತ ನಾನು ಅಂದುಕೊಂಡಿಲ್ಲ. ಪಾಪ, ಪತ್ರ ಓದಿದವರು ದಿನಗೂಲಿ ಲೆಕ್ಕದಲ್ಲಿ ಬರುವ ಹಂಗಾಮಿ ಉದ್ಘೋಷಕರೂ ಇರಬಹುದು. ಅವರ ಕೈಯಲ್ಲಿ ಏನಿದೆ? ತಪ್ಪು ಒಪ್ಪಿಕೊಳ್ಳುವ ಅಧಿಕಾರ ಅವರಿಗೆ ಇಲ್ಲ, ಮೇಲಿನವರಿಗೆ ಕಳಿಸಿದರೆ ಮೇಲಿನವರು ಯಾರಿಗೆ ಕಳಿಸಬೇಕು ಅಂತಲೂ ಗೊತ್ತಿರಲಿಕ್ಕಿಲ್ಲ. ವ್ಯವಸ್ಥೆಯೇ ಹಾಗಿದೆ. ದೂರು ತೀರ್ಮಾನ ಮಾಡಬೇಕಾದ ಜಾಗದಲ್ಲಿ ಯಾರೂ ಇಲ್ಲ.

ಇದನ್ನು ಸುಮ್ನೆ ಹೇಳ್ತಿಲ್ಲ. ಕಾನೂನು ತೆಗೆದು ಓದಿ ಹೇಳ್ತಿದ್ದೀನಿ. 1990ರ ಪ್ರಸಾರ ಭಾರತಿ ಕಾಯ್ದೆ, ಅದು ಜಾರಿಗೆ ಬಂದದ್ದು 1997ರಲ್ಲಿ. ಅದರ 12ನೇ ಕಲಮಿನಲ್ಲಿ ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಈ ಸಂಸ್ಥೆಯ ಕರ್ತವ್ಯ ಬರೆದಿದೆ: ನಾಗರಿಕರಿಗೆ ಸತ್ಯವಾದ, ಪಕ್ಷಪಾತವಿಲ್ಲದ ಮಾಹಿತಿ ಸಿಗುವ ಹಕ್ಕನ್ನು ಕಾಯಬೇಕು, ಬೇರೆ ಬೇರೆ ಅಭಿಪ್ರಾಯಗಳನ್ನು ನ್ಯಾಯವಾಗಿ ಮುಂದಿಡಬೇಕು, ತನ್ನದೇ ಒಂದು ಅಭಿಪ್ರಾಯವನ್ನು ಸಾರಬಾರದು. ಓದಿದರೆ ಖುಷಿಯಾಗುತ್ತದೆ. ಮುಂದೆ 14 ಮತ್ತು 15ನೇ ಕಲಮು. ಅಲ್ಲಿ ಪ್ರಸಾರ ಪರಿಷತ್ತು ಅಂತ ಒಂದು ಇದೆ. ಅಧ್ಯಕ್ಷರು ಮತ್ತು ಹತ್ತು ಸದಸ್ಯರನ್ನು ರಾಷ್ಟ್ರಪತಿ ನೇಮಿಸಬೇಕು, ಜೊತೆಗೆ ನಾಲ್ವರು ಸಂಸದರು. ಯಾವುದಾದರೂ ಪ್ರಸಾರ ಈ ಕರ್ತವ್ಯಕ್ಕೆ ತಕ್ಕಂತೆ ಇಲ್ಲ ಅಂತ ಯಾವ ನಾಗರಿಕ ಬೇಕಾದರೂ ದೂರು ಕೊಡಬಹುದು. ತನಗೆ ಅನ್ಯಾಯವಾಯಿತು, ತನ್ನ ಮಾತನ್ನು ತಿರುಚಿದರು ಅಂದವರೂ ಕೊಡಬಹುದು. ದೂರು ಸರಿ ಅಂತ ಕಂಡರೆ ಪರಿಷತ್ತು ಪ್ರಸಾರ ಭಾರತಿಗೆ ಹೇಳಬೇಕು. ಆಡಳಿತ ಮಂಡಳಿ ಒಪ್ಪದಿದ್ದರೆ ಯಾಕೆ ಒಪ್ಪಲ್ಲ ಅಂತ ಕಾರಣ ಬರೆದು ತಿಳಿಸಬೇಕು. ಬೇಕಾದರೆ ಪರಿಷತ್ತಿನ ಶಿಫಾರಸನ್ನೇ ಪ್ರಸಾರ ಮಾಡಿಸಲೂ ಅವಕಾಶ ಇದೆ. ಪ್ರಾದೇಶಿಕ ಪರಿಷತ್ತುಗಳನ್ನೂ ಮಾಡಿಕೊಳ್ಳಬಹುದು ಅಂತ ಬರೆದಿದ್ದಾರೆ, ಅಂದರೆ ನಮ್ಮ ಕಡೆಯವರು ದೆಹಲಿಗೆ ಬರೆಯದೇ ಧಾರವಾಡಕ್ಕೋ ಬೆಳಗಾವಿಗೋ ಬರೆಯುವ ಹಾಗೆ.

ಎಷ್ಟು ಚೆನ್ನಾಗಿದೆ ಅಲ್ವಾ? ಈ ಪರಿಷತ್ತನ್ನು ರಚಿಸಿಯೇ ಇಲ್ಲ. ಕಾಯ್ದೆ ಜಾರಿಯಾಗಿ ಕಾಲು ಶತಮಾನ ದಾಟಿತು. ಈ ನಡುವೆ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋಗಿವೆ, ಹಾಗಾಗಿ ಇದರಲ್ಲಿ ಯಾವ ಪಕ್ಷದವರೂ ಇನ್ನೊಂದು ಪಕ್ಷದ ಕಡೆ ಬೆರಳು ತೋರಿಸೋ ಹಾಗಿಲ್ಲ. 13ನೇ ಕಲಮಿನಲ್ಲಿ ಹೇಳಿದ ಸಂಸದೀಯ ಸಮಿತಿಯ ಕಥೆಯೂ ಇದೇ.

ಇನ್ನೊಂದು ತಮಾಷೆ ನೋಡಿ. ಖಾಸಗಿ ಟಿವಿ ಚಾನೆಲ್ಲುಗಳನ್ನು ನಾವೆಲ್ಲ ದಿನಾ ಬೈತೀವಿ. ಆದರೆ 2021ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿ ಮಾಡಿ, ಅವರಿಗೆ ಮೂರು ಹಂತದ ದೂರು ವ್ಯವಸ್ಥೆ ಕಡ್ಡಾಯ ಮಾಡಿದ್ದಾರೆ. ದೂರು ಬಂದ 24 ಗಂಟೆಯೊಳಗೆ ಬಂತು ಅಂತ ತಿಳಿಸಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು, ಅದು ಒಪ್ಪಿಗೆ ಆಗದಿದ್ದರೆ ಚಾನೆಲ್ಲಿನ ಹೊರಗಿನ ಸಂಸ್ಥೆಗೆ ಮೇಲ್ಮನವಿ. ಅದು ಎಷ್ಟು ಚೆನ್ನಾಗಿ ನಡೆಯುತ್ತಿದೆ ಅನ್ನುವುದು ಬೇರೆ ಪ್ರಶ್ನೆ. ಕಿರುಚಾಡುವ ಚಾನೆಲ್ಲಿನ ಮೇಲೆ ದೂರು ಕೊಡೋಕೆ ಕಾಗದದ ಮೇಲಾದರೂ ಒಂದು ಮೆಟ್ಟಿಲಿದೆ. ಜನರ ದುಡ್ಡಲ್ಲಿ ನಡೆಯುವ ರೇಡಿಯೋಗೆ ಕಾನೂನಿನಲ್ಲೇ ಮೆಟ್ಟಿಲು ಕಟ್ಟಿ ಯಾರೂ ಹತ್ತದ ಹಾಗೆ ಬಿಟ್ಟಿದ್ದಾರೆ.

ರೇಡಿಯೋಗೆ ಇದು ಜಾಸ್ತಿ ಬೇಕು ಅನ್ನೋಕೆ ಕಾರಣ ಇದೆ. ಟಿವಿಯಲ್ಲಿ ಒಂದು ಚಾನೆಲ್ ಸುಳ್ಳು ಹೇಳಿದರೆ ರಿಮೋಟ್ ಒತ್ತಬಹುದು. ರೇಡಿಯೋದಲ್ಲಿ ಸುದ್ದಿ ಅಂದರೆ ಆಕಾಶವಾಣಿ ಒಂದೇ. ಖಾಸಗಿ ಎಫ್‌ಎಂನವರು ತಾವೇ ಸುದ್ದಿ ಮಾಡುವ ಹಾಗಿಲ್ಲ, ಬೇಕಾದರೆ ಆಕಾಶವಾಣಿಯ ವಾರ್ತೆಯನ್ನೇ ಇದ್ದದ್ದು ಇದ್ದ ಹಾಗೆ ಹಾಕಬಹುದು. ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿತು. ಹೊಲದಲ್ಲಿ, ಲಾರಿಯಲ್ಲಿ, ಟ್ರ್ಯಾಕ್ಟರಿನಲ್ಲಿ ರೇಡಿಯೋ ಕೇಳುವವನಿಗೆ ತಿರುಗಿಸೋಕೆ ಇನ್ನೊಂದು ಸುದ್ದಿ ಕೇಂದ್ರ ಇಲ್ಲ. 1995ರಲ್ಲಿ ಕ್ರಿಕೆಟ್ ಪ್ರಸಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಾಳಿಯ ತರಂಗ ಸಾರ್ವಜನಿಕ ಆಸ್ತಿ ಅಂತ ಹೇಳಿತು. ಆಸ್ತಿ ನಮ್ಮದಾದರೆ ಅದರ ಲೆಕ್ಕ ಕೇಳೋಕೆ ಒಂದು ಕಿಟಕಿ ಆದರೂ ಬೇಡವೇ?

ಇನ್ನು ನ್ಯಾಯ, ಸಮತೋಲನ ಅನ್ನುವ ಮಾತಿಗೆ ಬರೋಣ. ನಮ್ಮ ಬಾನುಲಿಯಲ್ಲಿ ಸಮತೋಲನ ಅಂದರೆ ಮೊದಲಿಂದಲೂ ಯಾರನ್ನೂ ನೋಯಿಸಬೇಡ ಅಂತಲೇ ರೂಢಿಯಾಗಿದೆ. ಆಕಾಶವಾಣಿ ಸಂಹಿತೆ ಓದಿ. ಮಿತ್ರ ದೇಶಗಳ ಟೀಕೆ ಬೇಡ, ಪಕ್ಷದ ಹೆಸರು ಹಿಡಿದು ದಾಳಿ ಬೇಡ, ಕೇಂದ್ರ ಅಥವಾ ರಾಜ್ಯ ಸರ್ಕಾರಗಳ ವಿರುದ್ಧ ದ್ವೇಷದ ಟೀಕೆ ಬೇಡ, ಹೀಗೆ ಬೇಡಗಳ ಸಾಲು. ಕೆಲವು ಸರಿಯೇ, ಧರ್ಮ ಜಾತಿಗಳ ಮೇಲೆ ದಾಳಿ ಮಾಡಬೇಡಿ ಅನ್ನುವುದು ಬೇಕೇ ಬೇಕು. ಆದರೆ ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋದರೆ ಏನು ಮಾಡಬೇಕು ಅಂತ ಅದರಲ್ಲಿಲ್ಲ. ಜಾಗ್ರತೆ ಎಲ್ಲಾ ಪ್ರಸಾರಕ್ಕೆ ಮುಂಚೆ. 2017ರ ಆಗಸ್ಟಿನಲ್ಲಿ ತ್ರಿಪುರಾ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಸ್ವಾತಂತ್ರ್ಯ ದಿನದ ಭಾಷಣವನ್ನು ತಿದ್ದಿಕೊಡಿ ಅಂತ ಕೇಳಿದರು, ಅವರು ತಿದ್ದಲ್ಲ ಅಂದಾಗ ಆಕಾಶವಾಣಿ, ದೂರದರ್ಶನ ಎರಡೂ ಅದನ್ನು ಹಾಕಲೇ ಇಲ್ಲ. ಇದು ಒಂದು ಪಕ್ಷದ ಕಾಲದ ಕಥೆ ಅಂತಾದರೆ, 1975ರ ತುರ್ತು ಪರಿಸ್ಥಿತಿಯಲ್ಲಿ ಆಲ್ ಇಂಡಿಯಾ ರೇಡಿಯೋವನ್ನು ಜನ ಆಲ್ ಇಂದಿರಾ ರೇಡಿಯೋ ಅಂತ ಕರೆದದ್ದು ಇನ್ನೊಂದು ಪಕ್ಷದ ಕಾಲದ್ದು. ಮುಖ್ಯಮಂತ್ರಿಯ ಭಾಷಣವನ್ನು ಸಾಲು ಸಾಲಾಗಿ ಪರೀಕ್ಷೆ ಮಾಡೋಕೆ ಇರುವ ಜನ, ಹೊತ್ತು, ಪ್ರಸಾರವಾದ ಮೇಲೆ ಬಂದ ಒಂದು ದೂರನ್ನು ಪರೀಕ್ಷೆ ಮಾಡೋಕೆ ಯಾಕಿಲ್ಲ?

ಸಮತೋಲನ ಅಂದರೆ ಇಬ್ಬರಿಗೂ ಐದೈದು ನಿಮಿಷ ಹಂಚುವುದು ಅಂತಲೂ ಕೆಲವರು ತಿಳಿದಿದ್ದಾರೆ. ಇದರ ಮೇಲೆ ಇಂಗ್ಲೆಂಡಿನ ಒಂದು ಪ್ರಕರಣ ನನಗೆ ಬಹಳ ಹಿಡಿಸಿತು. ಬಿಬಿಸಿ ರೇಡಿಯೋ 4ರ ಬೆಳಗಿನ ಟುಡೇ ಕಾರ್ಯಕ್ರಮದಲ್ಲಿ, 2017ರ ಆಗಸ್ಟಿನಲ್ಲಿ, ಮಾಜಿ ಹಣಕಾಸು ಸಚಿವ ನೈಜೆಲ್ ಲಾಸನ್ ಅವರನ್ನು ಹವಾಮಾನ ಬದಲಾವಣೆಯ ಬಗ್ಗೆ ಮಾತಾಡಿಸಿದರು. ಹಿಂದಿನ ಹತ್ತು ವರ್ಷದಲ್ಲಿ ಭೂಮಿಯ ಸರಾಸರಿ ಉಷ್ಣತೆ ಸ್ವಲ್ಪ ಇಳಿದಿದೆ ಅಂತ ಅವರು ಹೇಳಿದರು. ಅದು ಸುಳ್ಳು. ನಿರೂಪಕರು ತಡೆಯಲಿಲ್ಲ. ಕೇಳುಗರು ದೂರು ಕೊಟ್ಟರು. ಬಿಬಿಸಿ ಮೊದಲು, ಎಲ್ಲ ಅಭಿಪ್ರಾಯಗಳನ್ನೂ ಕೇಳಿಸುವುದು ನಮ್ಮ ಕೆಲಸ ಅಂತ ಸಮರ್ಥನೆ ಮಾಡಿಕೊಂಡಿತು. ಆಮೇಲೆ ಅದರದೇ ದೂರು ವಿಭಾಗ ತಪ್ಪಾಗಿದೆ ಅಂತ ಒಪ್ಪಿತು. 2018ರ ಏಪ್ರಿಲಿನಲ್ಲಿ ಆಫ್‌ಕಾಮ್ ಅನ್ನುವ ಹೊರಗಿನ ನಿಯಂತ್ರಣ ಸಂಸ್ಥೆ, ನಿಯಮ ಮುರಿದಿದ್ದಾರೆ ಅಂತ ತೀರ್ಪು ಕೊಟ್ಟಿತು. ಎರಡು ಕಡೆ ಕೇಳಿಸಿದ ಮಾತ್ರಕ್ಕೆ ನ್ಯಾಯ ಆಗಲಿಲ್ಲ. ಹೇಳಿದ ಅಂಕಿ ಸರಿಯಿದೆಯೇ ಅಂತಲೂ ನೋಡಬೇಕಿತ್ತು. ಕಾಕಾನ ಕಬ್ಬಿನ ಲೆಕ್ಕವೂ ಇದೇ ತರಹದ್ದು. ಅಲ್ಲಿ ಎರಡನೆಯ ಕಡೆಯವರನ್ನು ಕರೆಯಲೇ ಇಲ್ಲ ಅನ್ನುವುದು ಬೇರೆ.

ಬಿಬಿಸಿಯ ವ್ಯವಸ್ಥೆಯನ್ನು ತಲೆ ಮೇಲೆ ಹೊತ್ತು ಮೆರೆಸೋಕೂ ನಾನು ಸಿದ್ಧ ಇಲ್ಲ. ಅಲ್ಲಿ ದೂರು ಮೊದಲು ಬಿಬಿಸಿಗೇ ಹೋಗಬೇಕು. ಅದರ ಮೆಟ್ಟಿಲುಗಳನ್ನೆಲ್ಲ ಹತ್ತಿ ಮುಗಿಸಿದ ಮೇಲಷ್ಟೇ ಆಫ್‌ಕಾಮ್, ಅದೂ 2017ರ ಏಪ್ರಿಲಿನಿಂದ. ಅದಕ್ಕೂ ಮುಂಚೆ ಇಂಥ ದೂರಿನಲ್ಲಿ ಕೊನೆಯ ಮಾತು ಬಿಬಿಸಿಯದೇ ಆಡಳಿತ ಮಂಡಳಿಯಾದ ಬಿಬಿಸಿ ಟ್ರಸ್ಟಿನದ್ದಾಗಿತ್ತು. ಆಗಸ್ಟಿನಲ್ಲಿ ಹೇಳಿದ ಸುಳ್ಳಿಗೆ ಏಪ್ರಿಲಿನಲ್ಲಿ ತೀರ್ಪು ಬಂದರೆ ಕೇಳಿದವರಲ್ಲಿ ಎಷ್ಟು ಜನಕ್ಕೆ ನೆನಪಿರುತ್ತೆ? ದೂರು ಕೊಟ್ಟವನನ್ನು ದಣಿಸಿ ಮನೆಗೆ ಕಳಿಸೋದೂ ಒಂದು ಕಲೆ. ನಮ್ಮ ತಾಲೂಕು ಕಚೇರಿಗಳಲ್ಲಿ ಅದನ್ನು ಚೆನ್ನಾಗಿ ಬಲ್ಲವರಿದ್ದಾರೆ.

ಅಮೆರಿಕದ ಸಾರ್ವಜನಿಕ ರೇಡಿಯೋ ಜಾಲ ಎನ್‌ಪಿಆರ್‌ನದ್ದು ಇನ್ನೊಂದು ದಾರಿ. 2000ದಿಂದ ಅಲ್ಲಿ ಕೇಳುಗರ ಪರವಾಗಿ ಪ್ರಶ್ನೆ ಕೇಳೋಕೆ ಅಂತಲೇ ಒಬ್ಬರು ಇದ್ದಾರೆ. ಮೊದಲು ಆಂಬಡ್ಸ್‌ಮನ್ ಅಂತಿದ್ದರು, ಈಗ ಪಬ್ಲಿಕ್ ಎಡಿಟರ್ ಅಂತಾರೆ. ಅವರಿಗೆ ಸಂಬಳ ಕೊಡುವುದು ಎನ್‌ಪಿಆರ್, ಆದರೆ ಸುದ್ದಿ ಮನೆಯವರ ಮಾತು ಅವರು ಕೇಳಬೇಕಾಗಿಲ್ಲ. 2011ರಲ್ಲಿ ಎನ್‌ಪಿಆರ್ ದಕ್ಷಿಣ ಡಕೋಟಾದ ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಬಿಡಿಸಿ ಬೇರೆ ಕಡೆ ಸಾಕಲು ಕೊಡುವುದರ ಬಗ್ಗೆ ಒಂದು ಸರಣಿ ಮಾಡಿತು. ಅದಕ್ಕೆ ಪೀಬಾಡಿ ಪ್ರಶಸ್ತಿಯೂ ಬಂತು. ಆಗಿನ ಆಂಬಡ್ಸ್‌ಮನ್ ಎಡ್ವರ್ಡ್ ಶೂಮಾಕರ್-ಮಾಟೋಸ್ ಅದನ್ನೆಲ್ಲ ಮತ್ತೆ ತನಿಖೆ ಮಾಡಿ, 2013ರಲ್ಲಿ ದೊಡ್ಡದೊಂದು ವರದಿ ಬರೆದು, ಈ ಸರಣಿಯಲ್ಲಿ ನ್ಯಾಯ ಪಾಲನೆ ಆಗಿಲ್ಲ ಅಂತ ತಮ್ಮದೇ ಸಂಸ್ಥೆಯ ಮೇಲೆ ಹೇಳಿದರು. ಸಂಪಾದಕರು ಒಪ್ಪಲಿಲ್ಲ. ನಮ್ಮ ಸರಣಿಯ ಹಿಂದೆ ನಾವು ನಿಲ್ಲುತ್ತೇವೆ ಅಂತ ಅವರೂ ಬರೆದರು. ಇಬ್ಬರು ಬರೆದದ್ದೂ ಜನರ ಮುಂದೆ ಬಂತು. ಯಾರು ಸರಿ ಅಂತ ಅಲ್ಲಿನವರು ಇನ್ನೂ ಜಗಳ ಆಡಲಿ, ನನಗೆ ಬೇಕಾದದ್ದು ಆ ಜಗಳದ ರೀತಿ. ದೂರು ಏನು, ಅದರ ಮೇಲೆ ಹೊರಗಿನ ಕಣ್ಣು ಏನು ಕಂಡಿತು, ಸುದ್ದಿ ಮಾಡಿದವರು ಏನಂತಾರೆ, ಮೂರೂ ಕೇಳುಗನ ಕೈಯಲ್ಲಿ ಇತ್ತು. ಆದರೆ ಆ ಹುದ್ದೆಯಲ್ಲಿ ಕೂತವರು ಬರೆಯಬಹುದು ಅಷ್ಟೇ, ತಿದ್ದಿ ಅಂತ ಆಜ್ಞೆ ಮಾಡೋಕೆ ಆಗಲ್ಲ. ನಮ್ಮ ಕಾಯ್ದೆಯ 15ನೇ ಕಲಮು ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಮುಂದಿದ್ದು ಏನು ಮಾಡೋದು, ನಡೆಸುವವರಿಲ್ಲ.

ಈ ವಿಷಯ ಮಾತಾಡಿದಾಗ ಒಬ್ಬ ಹಳೆಯ ಪರಿಚಯದವರು, ರೇಡಿಯೋದಲ್ಲೇ ಕೆಲಸ ಮಾಡಿ ನಿವೃತ್ತರಾದವರು, ನನ್ನ ಮೇಲೆ ರೇಗಿದರು. "ಬರೋ ಪತ್ರಗಳನ್ನ ನೀವು ನೋಡಿಲ್ಲರಿ. ನೂರಕ್ಕೆ ತೊಂಬತ್ತು ನನ್ನ ಹಾಡು ಯಾಕೆ ಹಾಕಲಿಲ್ಲ ಅಂತ. ಉಳಿದವು ನಮ್ಮ ಜಾತಿಯ ಜಯಂತಿಗೆ ಯಾಕೆ ಕಡಿಮೆ ಹೊತ್ತು ಕೊಟ್ರಿ ಅಂತ." ಇದರಲ್ಲಿ ಸುಳ್ಳಿಲ್ಲ. ನನ್ನ ಅಂಗಡಿಗೇ ಒಬ್ಬರು ಬಂದು, ಕೋರಿಕೆ ಕಾರ್ಯಕ್ರಮದಲ್ಲಿ ಮಗಳ ಹೆಸರು ತಪ್ಪಾಗಿ ಹೇಳಿದರು, ಮಾನನಷ್ಟ ಮೊಕದ್ದಮೆ ಹಾಕಬಹುದಾ ಅಂತ ಕೇಳಿದ್ದರು. ಅಂಥವರಿಗೆ ಮೇಜಿನ ಮೇಲಿನ ನೀರು ಕೊಟ್ಟು ಕೂರಿಸಬೇಕು, ಬೇರೆ ದಾರಿಯಿಲ್ಲ. ಈಗ ಗುಂಪು ಕಟ್ಟಿಕೊಂಡು ಒಂದೇ ಒಕ್ಕಣೆಯ ದೂರನ್ನು ನೂರಾರು ಜನ ಕಳಿಸುವುದೂ ಇದೆ. ಅದಕ್ಕೆಲ್ಲ ಹೆದರಿ ಒಬ್ಬೊಬ್ಬರ ಮುಂದೆ ಕ್ಷಮೆ ಕೇಳುತ್ತಾ ಹೋದರೆ ಯಾವ ಕೇಂದ್ರವೂ ಗಟ್ಟಿ ಕಾರ್ಯಕ್ರಮ ಮಾಡಲಿಕ್ಕಿಲ್ಲ. ಒಪ್ಪುತ್ತೇನೆ.

ಆದರೆ ಇದೇ ಕಾರಣಕ್ಕೆ ಹೊರಗಿನವರು ಬೇಕು ಅಂತ ನಾನು ಹೇಳೋದು. ಮಗಳ ಹೆಸರಿನ ದೂರು ಯಾವುದು, ಕಬ್ಬಿನ ಕಡಿತದ ದೂರು ಯಾವುದು ಅಂತ ಬೇರೆ ಮಾಡೋಕೆ ಕಾರ್ಯಕ್ರಮ ಮಾಡಿದವರನ್ನೇ ಕೂರಿಸಿದರೆ ಅವರಿಗೆ ಎರಡೂ ಒಂದೇ ತರಹದ ಕಿರಿಕಿರಿ. ಹೊರಗಿನವರು ನೋಡಿದರೆ ಗುಂಪು ಕಟ್ಟಿ ಬಂದ ಸಾವಿರ ಪತ್ರವನ್ನು ಒಂದೇ ದೂರು ಅಂತ ಲೆಕ್ಕ ಹಿಡಿದು, ಅದರಲ್ಲಿ ಹುರುಳಿಲ್ಲ ಅಂತ ಧೈರ್ಯವಾಗಿ ಬರೆಯಬಹುದು. ಹಾಗೆ ಬರೆದದ್ದು ಕೇಂದ್ರದವರನ್ನೂ ಕಾಯುತ್ತದೆ. ಈಗ ಅವರನ್ನು ಕಾಯುವವರು ಯಾರೂ ಇಲ್ಲ. ದೊಡ್ಡವರ ಫೋನ್ ಬಂದರೆ ಮಾತ್ರ ಎಲ್ಲ ಬೇಗ ಸರಿಹೋಗುತ್ತದೆ ಅನ್ನುವ ಮಾತು ಅದೇ ನಿವೃತ್ತರ ಬಾಯಿಂದಲೇ ಬಂತು.

ಇನ್ನು ಹೇಳದೇ ಬಿಟ್ಟ ಮಾತಿನ ದೂರಿಗೆ ಆಲಮಟ್ಟಿಯನ್ನೇ ನೋಡಿ. ಅಣೆಕಟ್ಟಿನ ಎತ್ತರ 519.60 ಮೀಟರಿಂದ 524.256ಕ್ಕೆ ಏರುವ ಮಾತು ಬಂದಾಗಲೆಲ್ಲ ರೇಡಿಯೋದಲ್ಲಿ, ಪೇಪರಿನಲ್ಲಿ ಎಷ್ಟು ಎಕರೆಗೆ ನೀರು, ಮಹಾರಾಷ್ಟ್ರ ಏನಂತು, ಕೃಷ್ಣಾ ನೀರಿನ ನ್ಯಾಯಮಂಡಳಿ 2010ರಲ್ಲಿ ಏನಂತು, ಇವೇ ಮುಂದೆ ಬರುತ್ತವೆ. ಬರಲಿ, ಬೇಕು. ಆದರೆ ಹಿನ್ನೀರಿನಲ್ಲಿ ಮನೆ ಕಳೆದುಕೊಂಡು ಬಾಗಲಕೋಟೆ ನವನಗರಕ್ಕೆ ಬಂದವರು, ಇನ್ನೂ ಮುಳುಗಲಿರುವ ಊರಿನವರು ಎಷ್ಟು ಹೊತ್ತು ಮಾತಾಡಿದರು ಅಂತ ಕೇಳಿದರೆ? ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರನ್ನೂ ಬೈದಿಲ್ಲ, ಸಂಹಿತೆ ಎಲ್ಲೂ ಮುರಿದಿಲ್ಲ. ಮಾತಾಡಬೇಕಾದವರನ್ನು ಕರೆದಿಲ್ಲ ಅಷ್ಟೇ. ಇದನ್ನು ಒಂದು ದೂರು ಅಂತ ದಾಖಲು ಮಾಡಿಕೊಳ್ಳುವ ಖಾನೆಯೇ ಇಲ್ಲದಿದ್ದರೆ, ಮುಂದಿನ ಸಲವೂ ಕರೆಯುವುದಿಲ್ಲ.

ಪರಿಷತ್ತು ರಚನೆ ಆಗೋವರೆಗೆ ಕೇಂದ್ರಗಳೇ ಮಾಡಬಹುದಾದ ಕೆಲಸವೂ ಇದೆ. ದೊಡ್ಡದೇನಲ್ಲ. ಕೇಳುಗರ ಪತ್ರದ ಕಾರ್ಯಕ್ರಮದಲ್ಲಿ ಹೊಗಳಿಕೆಯ ಪತ್ರಕ್ಕೆ ಕೊಡುವ ಹೊತ್ತಿನಲ್ಲಿ ಐದು ನಿಮಿಷ ತೆಗೆದು ದೂರಿಗೆ ಕೊಡಲಿ. ಇಂಥ ದಿನ ಇಂಥ ಕಾರ್ಯಕ್ರಮದಲ್ಲಿ ಹೀಗೆ ಹೇಳಿದ್ದೆವು, ಕೇಳುಗರೊಬ್ಬರು ಹೀಗೆ ಬರೆದಿದ್ದಾರೆ, ನೋಡಿದೆವು, ಸರಿಯಿದೆ ಅಥವಾ ಸರಿಯಿಲ್ಲ. ತಪ್ಪಾಗಿದ್ದರೆ ತಿದ್ದುಪಡಿ ತಪ್ಪು ಹೇಳಿದ ಕಾರ್ಯಕ್ರಮದಲ್ಲೇ, ಅದೇ ಹೊತ್ತಿಗೆ ಬರಬೇಕು. ಸಂಜೆ ರೈತರಿಗೆ ಹೇಳಿದ್ದನ್ನು ಮಧ್ಯಾಹ್ನ ಎರಡಕ್ಕೆ ತಿದ್ದಿದರೆ ಯಾರಿಗೆ ಹೇಳಿದ ಹಾಗಾಯಿತು?

ನೀವು ಬರೆಯುವವರಾದರೆ ಒಂದೆರಡು ಮಾತು, ಇದು ಅಂಗಡಿಯವನ ಅನುಭವದಿಂದ. ಪತ್ರದ ಮೊದಲ ಸಾಲಿನಲ್ಲೇ "ವಿಷಯ: ದೂರು" ಅಂತ ಹಾಕಿ. ಅಭಿಮಾನಿ, ನಿತ್ಯ ಕೇಳುಗ, ನಿಮ್ಮ ಸೇವೆ ಅಮೋಘ ಅಂತೆಲ್ಲ ಶುರು ಮಾಡಲೇಬೇಡಿ, ಕಾಕಾ ಮೊದಲ ಸಾಲಲ್ಲಿ ಹಾಗೆ ಬರೆಸಿದ್ದರು, ಅವರು ಅದನ್ನೇ ಹಿಡಿದು ಓದಿದರು. ವಾರ್ತೆಯ ಬಗ್ಗೆ ಆದರೆ ಪ್ರದೇಶ ಸಮಾಚಾರದ ಆಡಿಯೋ ನ್ಯೂಸ್ ಆನ್ ಏರ್ ತಾಣದಲ್ಲಿ ಸಿಗುತ್ತದೆ, ಮತ್ತೆ ಕೇಳಿ, ಹೇಳಿದ ಮಾತನ್ನು ಅಕ್ಷರಶಃ ಬರೆದುಕೊಳ್ಳಿ. ಕೇಂದ್ರ ಸರ್ಕಾರದ ದೂರು ಪೋರ್ಟಲ್ಲಿನಲ್ಲಿ ಹಾಕಿದರೆ ನಂಬರು ಸಿಗುತ್ತದೆ, ಆಮೇಲೆ ವಿಲೇವಾರಿ ಆಗಿದೆ ಅಂತ ಬಂದರೂ ಬರಬಹುದು. ಹಾಗೆ ಬಂದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ನನ್ನ ದೂರನ್ನು ಯಾರು ನೋಡಿದರು, ಏನು ಟಿಪ್ಪಣಿ ಬರೆದರು, ಆ ಟಿಪ್ಪಣಿಯ ಪ್ರತಿ ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಾಕಾನದೂ ಈಗ ಅದೇ ದಾರಿಯಲ್ಲಿದೆ. ಜಮಖಂಡಿ ಕಡೆಯವರಾದರೆ ನನ್ನ ಅಂಗಡಿಗೆ ಬನ್ನಿ, ಇಂಥ ಅರ್ಜಿಗೆ ಟೈಪಿಂಗ್ ದುಡ್ಡು ತಗೊಳ್ಳಲ್ಲ. ಪೋಸ್ಟಲ್ ಆರ್ಡರ್ ಮಾತ್ರ ನೀವೇ ತರಬೇಕು.